ಹಾಳೆಟೊಪ್ಪಿಯ ಜೇಡ

ನಮ್ಮ ಬಚ್ಚಲುಮನೆಯಲ್ಲಿ, ಹಂಡೆಯ ಹಿಂದೆ, ಅಂಗೈಯಗಲದ ಒಂದು ಜೇಡವಿದೆ. ಬಲೆಗಿಲೆ ಕಟ್ಟುವ ಪೈಕಿ ಅಲ್ಲ. ಹಗಲೆಲ್ಲ ಗೋಡೆಗೆ ಮೆತ್ತಿಕೊಂಡು ಕೂತಿದ್ದು ರಾತ್ರಿ ಜಿರಲೆಯ ಬೆನ್ನು ಹತ್ತುತ್ತದೆ. ಅದು ಗೋಡೆಯ ಮೇಲೆ ಕಂಡರೆ ನನ್ನ ಹೆಂಡತಿ ಸ್ನಾನಕ್ಕೆ ಹೋಗುವುದಿಲ್ಲ. ಕಾಣದಿದ್ದರಂತೂ ಹೋಗುವುದೇ ಇಲ್ಲ. ಎಲ್ಲಿ ಕೂತಿದೆಯೋ ಯಾರಿಗೆ ಗೊತ್ತು. ಅದನ್ನು ಹುಡುಕಿ, ಪೊರಕೆಯ ತುದಿಯಿಂದ ಮರ್ಯಾದೆಯಾಗಿ ಕಿಟಕಿಯತ್ತ ಸಾಗಹಾಕುವುದು ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದ ಕೆಲಸ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತು ಕಂಡವರ ಸಹಿ ತಾಳೆ ನೋಡಿದವನಿಗೆ ಇದು ಬಡ್ತಿಯೋ ಹಿಂಬಡ್ತಿಯೋ ಇನ್ನೂ ತೀರ್ಮಾನವಾಗಿಲ್ಲ.

ಈ ಜೇಡವನ್ನು ಜಗತ್ತಿಗೆ ಪರಿಚಯಿಸಿ ನಾನೂ ನಾಲ್ಕು ಜನರ ಬಾಯಲ್ಲಿ ಉಳಿಯಬೇಕು ಎಂಬ ಆಸೆ ಹುಟ್ಟಿದ್ದು ಬೀರುವಿನ ತಳಕ್ಕೆ ಹಾಸಿದ್ದ ಒಂದು ಹಳೇ ಪೇಪರಿನಿಂದ. 2016ರ ಸುದ್ದಿ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಕಾನಿನಲ್ಲಿ ಒಂದು ಹೊಸ ಜೇಡ ಸಿಕ್ಕಿತ್ತು. ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್, ಸುಮುಖ ಎಂಬ ಮೂವರು ಅದನ್ನು ವರ್ಣಿಸಿ ಹೆಸರಿಟ್ಟಿದ್ದರು. ಗಾತ್ರ ಏಳು ಮಿಲಿಮೀಟರು, ಅಂದರೆ ಒಂದು ಕಡಲೆಕಾಳು. ಒಣಗಿದ ಎಲೆಯ ಸೋಗು ಹಾಕಿಕೊಂಡು ಕೂರುವ ಅದರ ಹೊಟ್ಟೆಯ ಭಾಗ ತುದಿ ಬಾಗಿದ ಹಳೇ ಟೋಪಿಯಂತಿದೆ. ಅದನ್ನು ನೋಡಿದ ಕೂಡಲೇ ಅವರಿಗೆ ಹ್ಯಾರಿ ಪಾಟರ್ ಕಥೆಯ ಮಾತನಾಡುವ ಟೋಪಿ ನೆನಪಾಗಿದೆ. ಆ ಟೋಪಿಯ ಮೂಲ ಒಡೆಯ ಗ್ರಿಫಿಂಡೋರ್. ಹಾಗಾಗಿ ಜೇಡದ ಹೆಸರು ಎರಿಯೋವಿಕ್ಸಿಯಾ ಗ್ರಿಫಿಂಡೋರಿ. ಕಥೆ ಬರೆದ ರೌಲಿಂಗಮ್ಮನೇ ಖುದ್ದು ಅಭಿನಂದನೆ ಹೇಳಿದರಂತೆ.

ಪಟ ನೋಡಿ ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಅದು ಯಾವ ಇಂಗ್ಲೆಂಡಿನ ಮಂತ್ರವಾದಿಯ ಟೋಪಿಯೂ ಅಲ್ಲ; ನಮ್ಮ ಅಡಿಕೆ ತೋಟದಲ್ಲಿ ಕೊನೆ ಹೊರುವವರು ತಲೆಗೆ ಹಾಕಿಕೊಳ್ಳುವ ಹಾಳೆಟೊಪ್ಪಿ! ಅದೇ ಒಣಗಿದ ಕಂದು ಬಣ್ಣ, ಅದೇ ಸುಕ್ಕು, ಅದೇ ಚೂಪು. ಹೆಸರಿಟ್ಟವರನ್ನು ದೂರುತ್ತಿಲ್ಲ. ಕಣ್ಣಿಟ್ಟು ಹುಡುಕಿದವರು ಅವರು, ಹೆಸರಿನ ಹಕ್ಕೂ ಅವರದೇ. ಆ ಹೆಸರಿನಿಂದಾಗಿ ಜಗತ್ತೆಲ್ಲ ನಮ್ಮ ಕಾನಿನ ಕಡೆ ಒಮ್ಮೆ ತಿರುಗಿ ನೋಡಿತು, ಹಾಳೆಟೊಪ್ಪಿ ಎಂದಿದ್ದರೆ ಪಕ್ಕದ ಜಿಲ್ಲೆಯವರೂ ನೋಡುತ್ತಿರಲಿಲ್ಲ. ಆದರೂ ಅಷ್ಟು ಒಳ್ಳೆಯ ಟೊಪ್ಪಿ ಕೈತಪ್ಪಿತಲ್ಲ! ಮುಂದಿನ ಜೇಡ ನಾನೇ ಹುಡುಕಿ ಆ ಹೆಸರನ್ನೇ ಇಡುತ್ತೇನೆಂದು ಅವತ್ತೇ ಸಂಕಲ್ಪ ಮಾಡಿದೆ.

ಅಕ್ಕನ ಮಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಹಂಡೆಯ ಹಿಂದಿನ ಜೇಡದ ಫೋಟೋ ತೆಗೆದು ಅವನಿಗೆ ಕಳಿಸಿದೆ. "ವಿಶೇಷ ಲಕ್ಷಣ: ಹೊಟ್ಟೆಯಡಿ ನಾಣ್ಯದಂಥ ಬಿಳಿ ಬಿಲ್ಲೆ" ಎಂದು ಕೆಳಗೆ ಷರಾ ಬೇರೆ. ಎರಡೇ ನಿಮಿಷಕ್ಕೆ ಫೋನು ಬಂತು.

"ಮಾವ, ಆ ಬಿಲ್ಲೆ ಅದರ ಮೊಟ್ಟೆಚೀಲ. ಜೇಡದ ಹೆಸರು ಹೆಟೆರೊಪೋಡಾ ವೆನಟೋರಿಯಾ. ಲಿನ್ನೇಯಸ್ ಇಟ್ಟಿದ್ದು, 1767ರಲ್ಲಿ."

1767! ಹೈದರಾಲಿ ಇಂಗ್ಲಿಷರ ಮೇಲೆ ಮೊದಲ ಯುದ್ಧಕ್ಕೆ ನಿಂತ ವರ್ಷ. ಅವತ್ತೇ ಸ್ವೀಡನ್ನಿನಲ್ಲಿ ಕೂತ ಪುಣ್ಯಾತ್ಮನೊಬ್ಬ ನನ್ನ ಬಚ್ಚಲುಮನೆಯ ಜೇಡವನ್ನು ದಾಖಲೆಗೆ ಸೇರಿಸಿಬಿಟ್ಟಿದ್ದ. ವೆನಟೋರಿಯಾ ಅಂದರೆ ಬೇಟೆಗಾತಿ ಎಂದರ್ಥವಂತೆ. ನಮ್ಮ ಜಿರಲೆಗಳನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದವು.

ಸೋಲೊಪ್ಪದೆ ಅಟ್ಟ ಹತ್ತಿದೆ. ಅಲ್ಲೊಂದು ಸಣಕಲು ಕಾಲಿನ ಜೇಡ. ಊದಿದರೆ ಬಲೆಯ ಸಮೇತ ಗಡಗಡ ನಡುಗುತ್ತದೆ, ಆಡಿಟ್ ಬಂದ ದಿನ ನಾವು ನಡುಗುತ್ತಿದ್ದ ಹಾಗೆ. ಇಷ್ಟು ಪುಕ್ಕಲು ಪ್ರಾಣಿಯನ್ನು ಯಾರು ಗಮನಿಸಿಯಾರು ಅಂದುಕೊಂಡೆ. ಬ್ಲಾಕ್‌ವಾಲ್ ಎಂಬಾತ ಗಮನಿಸಿದ್ದ, 1867ರಲ್ಲಿ. ಟಿ.ವಿ.ಯ ಮೇಲೆ ಕುಪ್ಪಳಿಸುತ್ತ, ಕತ್ತು ತಿರುಗಿಸಿ ನನ್ನನ್ನೇ ದಿಟ್ಟಿಸುವ ಪಟ್ಟೆಪಟ್ಟೆಯ ಪುಟ್ಟ ಜೇಡದ ಕಡತವಂತೂ 1826ರಲ್ಲೇ ಮುಗಿದಿತ್ತು. ನನ್ನ ಹೆಸರಿನಲ್ಲಿರುವ ಈ ಮನೆಯ ಖಾತೆ ನನಗಾದದ್ದು 1998ರಲ್ಲಿ. ಒಳಗಿನ ಒಕ್ಕಲೆಲ್ಲ ಅದಕ್ಕಿಂತ ನೂರಾರು ವರ್ಷ ಹಿಂದಿನವು.

"ಬೇಜಾರಾಗಬೇಡಿ ಮಾವ, ಹೆಸರಿನ ಮಟ್ಟಿಗೆ ಜೇಡಗಳೇ ಎಲ್ಲರಿಗಿಂತ ಸೀನಿಯರು" ಎಂದ ಹುಡುಗ. ಪ್ರಾಣಿಗಳ ಶಾಸ್ತ್ರೀಯ ಹೆಸರುಗಳ ಲೆಕ್ಕ ಶುರುವಾಗುವುದು 1758ರ ಜನವರಿ 1ರಿಂದ. ಅದಕ್ಕಿಂತ ಹಿಂದಿನವು ಊರ್ಜಿತವಲ್ಲ. ಒಂದೇ ಒಂದು ವಿನಾಯಿತಿ ಇರುವುದು ಜೇಡಗಳಿಗೆ. ಕ್ಲರ್ಕ್ ಎಂಬುವನು 1757ರಲ್ಲೇ ಸ್ವೀಡನ್ನಿನ ಜೇಡಗಳ ಪುಸ್ತಕ ತಂದಿದ್ದ. ಅವನಿಟ್ಟ ಹೆಸರುಗಳು ಇಂದಿಗೂ ನಡೆಯುತ್ತವೆ. ಇದು ಕೇಳಿ ನನಗೆ ಜೇಡಗಳ ಮೇಲೆ ಗೌರವ ಹೆಚ್ಚಿತು. ಸೀನಿಯಾರಿಟಿ ಪಟ್ಟಿಯಲ್ಲಿ ಒಂದು ವರ್ಷ ಮೇಲಿರುವುದೆಂದರೆ ಏನೆಂದು ಬ್ಯಾಂಕಿನವರನ್ನು ಕೇಳಬೇಕು. ಆ ಕ್ಲರ್ಕ್ ಹೆಸರಿಗೆ ಮಾತ್ರ ಕ್ಲರ್ಕ್ ಎನ್ನುವುದೂ ನನ್ನನ್ನು ಕಲಕಿತು.

ಈಗ ಹೆಸರು ಪಡೆದ ಜೇಡಗಳ ಪಟ್ಟಿ ಐವತ್ತು ಸಾವಿರ ದಾಟಿದೆ. 2022ರಲ್ಲಿ ದಾಟಿತು, ಲೆಕ್ಕ ಇಡುವವರು ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಮ್ಯೂಸಿಯಮ್ಮಿನವರು. ಇಷ್ಟರ ನಡುವೆ ನನ್ನದೊಂದಕ್ಕೆ ಜಾಗವಿಲ್ಲವೇ?

ಮಳೆಗಾಲದ ಕೊನೆಗೆ, ಹಿತ್ತಲಿನ ನಿಂಬೆಗಿಡದಲ್ಲಿ ಸಿಕ್ಕಿತು. ಒಣ ಎಲೆಯೆಂದು ಕೀಳಲು ಹೋದರೆ ಎಲೆ ಕಾಲು ಮಡಚಿಕೊಂಡಿತು. ಗೋಧಿಕಾಳಿನಷ್ಟಿದ್ದ ಆ ಪ್ರಾಣಿಗೆ ತಲೆಯಿಂದ ಹೊಟ್ಟೆಯವರೆಗೂ ಹಾಳೆಟೊಪ್ಪಿಯದೇ ಆಕಾರ. ಅಕ್ಕನ ಮಗ ಮರುದಿನವೇ ಬಸ್ಸು ಹತ್ತಿ ಬಂದ. ಲೆನ್ಸಿನಲ್ಲಿ ನೋಡಿದ. ಮುಖ ಅರಳಿತು, ಹಾಗೆಯೇ ಬಾಡಿತು.

"ಗ್ರಿಫಿಂಡೋರಿ ಅಲ್ಲ ಅನ್ನಿಸ್ತದೆ. ಹೊಸದೂ ಇರಬಹುದು. ಆದ್ರೆ ಇದು ಮಗು, ಮಾವ."

"ಮಗು ಆದ್ರೇನು? ಕಂಡಿದ್ದು ಕಂಡಿದ್ದೇ ಅಲ್ವೇನೋ?"

ಅಲ್ಲವಂತೆ. ಜೇಡದ ಗುರುತು ಇರುವುದು ಬಣ್ಣದಲ್ಲೂ ಅಲ್ಲ, ಟೊಪ್ಪಿಯಲ್ಲೂ ಅಲ್ಲ. ಬಣ್ಣ ಒಂದೇ ಜಾತಿಯಲ್ಲಿ ಹತ್ತು ತರಹ ಇರುತ್ತದೆ. ನಂಬಬೇಕಾದದ್ದು ಜನನಾಂಗವನ್ನು. ಗಂಡಿಗಾದರೆ ಮುಖದ ಮುಂದೆ ಬಾಕ್ಸಿಂಗ್ ಗ್ಲೋವ್ಸಿನಂತೆ ಉಬ್ಬಿದ ಎರಡು ಪುಟ್ಟ ಕೈಗಳಿರುತ್ತವೆ, ಅವುಗಳ ಮುಳ್ಳು, ಕೊಕ್ಕೆ, ಸುರುಳಿ ನೋಡಬೇಕು. ಹೆಣ್ಣಿಗಾದರೆ ಹೊಟ್ಟೆಯಡಿಯ ಫಲಕವನ್ನು ಬಿಡಿಸಿ ತೆಗೆದು, ಕ್ಷಾರದಲ್ಲಿ ಮಾಂಸ ಕರಗಿಸಿ, ಒಳಗಿನ ನಾಳಗಳು ಎಷ್ಟು ಸುತ್ತು ಸುತ್ತಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಇದೆಲ್ಲ ಬೆಳೆಯುವುದು ಕೊನೆಯ ಪೊರೆ ಕಳಚಿದ ಮೇಲೆಯೇ. ಮೂವತ್ತನಾಲ್ಕು ವರ್ಷ ನಾನು ಗುರುತಿಗೆಂದು ಸಹಿಯನ್ನು ಮಾತ್ರ ನೋಡಿದ್ದಕ್ಕೆ ದೇವರಿಗೆ ಕೈಮುಗಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಎಂಟು ಕಣ್ಣುಗಳ ನಡುವಿನ ಅಂತರ, ಕಾಲುಗಳ ಒಂದೊಂದು ಗೆಣ್ಣಿನ ಉದ್ದ ಮಿಲಿಮೀಟರಿನ ನೂರನೇ ಪಾಲಿನಲ್ಲಿ ಬರೆಯಬೇಕು. ಇದೇ ಕುಲದ ಹಳೆಯ ಜೇಡಗಳ ವರ್ಣನೆಗಳನ್ನೆಲ್ಲ ಓದಿ, ಇದು ಅವು ಯಾವುವೂ ಅಲ್ಲವೆಂದು ಸಾಬೀತು ಮಾಡಬೇಕು. ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಹುಡುಕುವುದು ಒಂದು ಬೆಳಗಿನ ಕೆಲಸ, ವರ್ಣಿಸುವುದು ವರ್ಷಗಳ ಕೆಲಸ.

"ಹೆಸರು ಹಾಳೆಟೊಪ್ಪಿ ಅಂತ ಇಡಬಹುದೋ ಇಲ್ವೋ, ಅದು ಹೇಳು" ಎಂದೆ.

"ಧಾರಾಳವಾಗಿ. ಕನ್ನಡ ಪದವೂ ನಡೀತದೆ. ಅಕ್ಷರ ಮಾತ್ರ ಲ್ಯಾಟಿನ್ನಿಂದು ಇರಬೇಕು."

ಲ್ಯಾಟಿನ್ನಿನಲ್ಲಿ ಳ ಎಲ್ಲಿದೆ? ಜಗತ್ತಿನ ಪಂಡಿತರೆಲ್ಲ ಇನ್ನು 'ಹಾಲೆ ಟೊಪ್ಪಿ' ಅನ್ನುತ್ತಾರೆ, ಬೆಂಗಳೂರಿನ ನನ್ನ ಮೊಮ್ಮಕ್ಕಳ ಹಾಗೆ. ಇರಲಿ ಎಂದುಕೊಂಡು, "ಜೊತೆಗೆ ನನ್ನ ಹೆಸರೂ..." ಎಂದು ರಾಗ ಎಳೆದೆ. ಹೆಸರಿಡುವವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಅಸಹ್ಯವಂತೆ. ಹಾಗಾದರೆ ಹೆಂಡತಿಯ ಹೆಸರಾದರೂ ಇರಲಿ ಎಂದು ಔದಾರ್ಯ ತೋರಿಸಿದೆ.

ಅಡಿಗೆಮನೆಯಿಂದ ಉತ್ತರ ಬಂತು: "ಬೇಕಾದ್ರೆ ನಿಮ್ಮಮ್ಮನ ಹೆಸರಿಡಿ."

ಹುಡುಗ ಲೆನ್ಸನ್ನು ನನಗೆ ಕೊಟ್ಟು, ಅದು ದೊಡ್ಡದಾಗುವವರೆಗೆ ಕಾಯಿರಿ ಎಂದು ಹೋದ. ಕಾದೆ. ಸಂಜೆಗತ್ತಲಲ್ಲಿ ಅದು ರೆಂಬೆಗಳ ನಡುವೆ ಚಕ್ರದಂಥ ಬಲೆ ನೇಯುತ್ತಿತ್ತು. ಒಂದು ಎಳೆ ಎಳೆದು, ಕಾಲಿನಿಂದ ಅಂತರ ಅಳೆದು, ಅಂಟಿಸಿ, ಮುಂದೆ. ಬೆಳಗಾಗುವುದರೊಳಗೆ ಅಷ್ಟನ್ನೂ ಸುತ್ತಿ ತಿಂದು ಮತ್ತೆ ಒಣ ಎಲೆಯಾಗುತ್ತಿತ್ತು. ಜೇಡ ಎಂದರೆ ಕನ್ನಡದಲ್ಲಿ ನೇಕಾರ ಎಂದೂ ಅರ್ಥ, ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ. ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ನೋಡಿರಲಿಲ್ಲ. ಹಿಂಗಾರು ಹಿಡಿದಾಗ ಗಿಡದ ಪಕ್ಕ ಕೊಡೆ ಬಿಚ್ಚಿ ನಿಂತೆ. ದಾರಿಯಲ್ಲಿ ಹೋಗುವವರು ಏನೆಂದು ಕೇಳಿದರೆ ನಿಂಬೆಗೆ ರೋಗ ಬಂದಿದೆ ಎಂದೆ. ರೋಗ ನನಗೆಂದು ಅವರು ತಿಳಿದಿರಬೇಕು.

ಮೂರನೇ ವಾರ ಹುಡುಗನ ಫೋನು. "ಶನಿವಾರ ಬರ್ತೀನಿ ಮಾವ. ಆಲ್ಕೋಹಾಲ್ ತರ್ತೀನಿ. ದೊಡ್ಡದಾಗಿದ್ರೆ ಅದರೊಳಗೆ ಹಾಕಿಬಿಡೋಣ."

ಸ್ಪೀಕರಿನಲ್ಲಿತ್ತು, ಹೆಂಡತಿಗೂ ಕೇಳಿಸಿತು. "ಅಲ್ರೀ, ವಾರಗಟ್ಟಲೆ ಕೊಡೆ ಹಿಡಿದು ಸಾಕಿ ಈಗ ಹೆಂಡದಲ್ಲಿ ಮುಳುಗಿಸ್ತೀರಾ?" ವಿಜ್ಞಾನಕ್ಕೆ ಮಾದರಿ ಬೇಕು, ಒಂದು ಹೋದರೂ ಉಳಿದವಕ್ಕೆ ದಾಖಲೆ ಸಿಗುತ್ತದೆ, ದಾಖಲೆಯಿಲ್ಲದ್ದನ್ನು ಯಾರೂ ಉಳಿಸುವುದಿಲ್ಲ ಎಂದೆಲ್ಲ ಹೇಳಿದೆ. ಎಲ್ಲ ನಿಜವೇ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ನೋಡಿದರೆ ರೆಂಬೆಯಲ್ಲಿ ಪೊರೆ ಮಾತ್ರ ನೇತಾಡುತ್ತಿತ್ತು, ಎಂಟು ಕಾಲಿನ ಸಮೇತ, ಬಿಚ್ಚಿಟ್ಟ ಅಂಗಿಯಂತೆ. ಒಡೆಯ ಇಲ್ಲ. ಹೆಂಡತಿ ಉಪ್ಪಿನಕಾಯಿಗೆಂದು ಅಷ್ಟು ಹೊತ್ತಿಗೇ ಒಂದು ಬುಟ್ಟಿ ನಿಂಬೆಹಣ್ಣು ಕೊಯ್ದು ಮುಗಿಸಿದ್ದಳು. ಯಾವ ರೆಂಬೆಯದು ಎಂದು ನಾನು ಕೇಳಲಿಲ್ಲ.

ಹುಡುಗ ಸಮಾಧಾನಕ್ಕೆಂದು ಗುತ್ತಿಯ ಕಥೆ ಹೇಳಿದ. ಗುಂತಕಲ್ಲಿನ ಹತ್ತಿರದ ಅದೇ ಗುತ್ತಿ. ಅಲ್ಲಿನ ರೈಲ್ವೆಯ ಕಟ್ಟಿಗೆ ಡಿಪೋದಲ್ಲಿ ಒಂದು ನೀಲಿ ಜೇಡ ಸಿಕ್ಕಿ, ಪೋಕಾಕ್ ಎಂಬುವವರು 1899ರಲ್ಲಿ ಅದನ್ನು ವರ್ಣಿಸಿದರು. ಆಮೇಲೆ ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2001ರಲ್ಲಿ, ಅದೂ ದೂರದ ಪೂರ್ವಘಟ್ಟದ ಕಾಡಿನಲ್ಲಿ. ಗುತ್ತಿಗೆ ಅದು ಮರದ ದಿಮ್ಮಿಯೊಳಗೆ ಟಿಕೆಟ್ಟಿಲ್ಲದೆ ರೈಲಿನಲ್ಲಿ ಬಂದಿರಬೇಕು. "ನೂರಾ ಎರಡು ವರ್ಷ ಕಾದಿದ್ದಾರೆ ಮಾವ" ಎಂದ. ನನಗೆ ಈಗ ಅರವತ್ತೈದು.

ಪೊರೆಯನ್ನು ನಶ್ಯದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರಿಂದ ಏನೂ ಸಾಬೀತಾಗುವುದಿಲ್ಲವಂತೆ. ಮಲೆನಾಡಿನ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಹಿತ್ತಲಿನಲ್ಲಿ ಒಣ ಎಲೆಯೊಂದು ಮುಟ್ಟಿದ ಕೂಡಲೇ ಕಾಲು ಮಡಚಿಕೊಂಡರೆ ದಯವಿಟ್ಟು ಕಿತ್ತೆಸೆಯಬೇಡಿ. ಜೇಡ ಬಲ್ಲವರಿಗೆ ತೋರಿಸಿ. ಹೆಸರಿಡುವ ಹಕ್ಕು ಪೂರ್ತಿ ಅವರದೇ. ಹಾಳೆಟೊಪ್ಪಿ ಎಂದು ಒಂದು ಪದ ಇದೆ, ಇನ್ನೂ ಯಾರೂ ಬಳಸಿಲ್ಲ ಎಂದು ಮಾತ್ರ ಅವರ ಕಿವಿಗೆ ಹಾಕಿಡಿ.