ಕಮಾಂಡ್‌ಲೈನ್ ಶೂರ

ತಾನು ಬರೆದ ಆ್ಯಪನ್ನು ಕ್ಲೌಡಿಗೆ ಏರಿಸುವಾಗ ಮೌಸ್ ಮುಟ್ಟುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ತಿಳಿದಿರುವ ಎಂಜಿನಿಯರೇ ಕಮಾಂಡ್‌ಲೈನ್ ಶೂರ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಕೋರಮಂಗಲ, ಬೆಳ್ಳಂದೂರುಗಳಲ್ಲಿ ಹೇರಳವಾಗಿ ಸಿಗುತ್ತಾನೆ. ಕಪ್ಪು ಪರದೆಯೇ ಇವನ ಗುರುತು. ಅದರ ಬಣ್ಣ, ಅಕ್ಷರಗಳ ಅಳತೆಗಳನ್ನು ಹೊಂದಿಸಲು ಕಳೆಯುವ ವೇಳೆಯಲ್ಲಿ ಇನ್ನೊಂದು ಆ್ಯಪ್ ಬರೆಯಬಹುದು. ಹೆಣ್ಣುಮಕ್ಕಳಲ್ಲೂ ಕಮಾಂಡ್‌ಲೈನ್ ಬಲ್ಲವರು ಬೇಕಾದಷ್ಟಿದ್ದಾರೆ. ಆದರೆ ಅವರು ಲಾಗ್ ಓದುತ್ತಾರಾದ್ದರಿಂದ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಶೂರನ ಹುಟ್ಟಿಗೆ ಬಹುಮಟ್ಟಿಗೆ ಹೆರೋಕು ಕಾರಣ. ಜೇಮ್ಸ್ ಲಿಂಡೆನ್‌ಬಾಮ್, ಆಡಮ್ ವಿಗಿನ್ಸ್, ಓರಿಯನ್ ಹೆನ್ರಿ ಎಂಬ ಮೂವರು 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಬಿ ಭಾಷೆಯವರಿಗೆಂದು ಶುರುಮಾಡಿದ ಈ ಸೇವೆಯನ್ನು 2010ರಲ್ಲಿ ಸೇಲ್ಸ್‌ಫೋರ್ಸ್ ಕೊಂಡುಕೊಂಡಿತು. ಅದಕ್ಕೆ ಮೊದಲು ಆ್ಯಪ್ ಲೈವ್ ಆಗಬೇಕಾದರೆ ಸರ್ವರ್ ಬಾಡಿಗೆಗೆ ಹಿಡಿದು, ಲಿನಕ್ಸ್ ಹೊಂದಿಸಿ, ಡೇಟಾಬೇಸ್ ಕೂರಿಸಿ, ವಾರಗಟ್ಟಲೆ ಒದ್ದಾಡಬೇಕಿತ್ತು. ಹೆರೋಕು ಈ ಒದ್ದಾಟವನ್ನೆಲ್ಲ ‘ಗಿಟ್ ಪುಶ್ ಹೆರೋಕು ಮಾಸ್ಟರ್’ ಎಂಬ ಒಂದೇ ಸಾಲಿಗೆ ಇಳಿಸಿತು. ನಾಲ್ಕು ಪದ, ಒಂದು ಎಂಟರ್. ಶೂರನ ಪರಾಕ್ರಮವೂ ಅಷ್ಟೇ.

ಎಂಟರ್ ಒತ್ತಿದ ಮೇಲಿನ ದುಡಿಮೆ ಪೂರ್ತಿ ಯಂತ್ರದ್ದು. ಬಿಲ್ಡ್‌ಪ್ಯಾಕ್ ಎಂಬ ಸಲಕರಣೆ ಆ್ಯಪಿನ ಫೈಲುಗಳನ್ನು ತಡಕಾಡುತ್ತದೆ: ಜೆಮ್‌ಫೈಲ್ ಸಿಕ್ಕರೆ ರೂಬಿ, ಪ್ಯಾಕೇಜ್ ಜೇಸನ್ ಸಿಕ್ಕರೆ ನೋಡ್ ಎಂದು ತಾನೇ ಊಹಿಸುತ್ತದೆ. ಅದು ಬೇಕಾದ ಲೈಬ್ರರಿಗಳನ್ನು ತರಿಸಿದ ಮೇಲೆ ಹೆರೋಕು ಎಲ್ಲವನ್ನೂ ಸ್ಲಗ್ ಎಂಬ ಗಂಟು ಕಟ್ಟಿ, ಡೈನೋ ಎಂಬ ಕಂಟೇನರಿನಲ್ಲಿ ಓಡಿಸುತ್ತದೆ. ಈ ಹೊತ್ತಿನಲ್ಲಿ ಶೂರ ಕೈಕಟ್ಟಿ ಕುರ್ಚಿಗೆ ಒರಗಿ, ಸರಸರ ಏರುವ ಸಾಲುಗಳನ್ನು ಹುಬ್ಬು ಗಂಟಿಕ್ಕಿ ನೋಡುತ್ತಿರುತ್ತಾನೆ. ಓದುತ್ತಿರುವುದಿಲ್ಲ, ನೋಡುತ್ತಿರುತ್ತಾನೆ. ಯಾರಾದರೂ ಕಾಫಿಗೆ ಕರೆದರೆ ‘ಡಿಪ್ಲಾಯ್ ಆಗ್ತಿದೆ’ ಎನ್ನುತ್ತಾನೆ. ಆ ದನಿ ಕೇಳಿದವರು ಎರಡನೇ ಸಲ ಕರೆಯುವುದಿಲ್ಲ.

ಕೊನೆಗೆ ‘ಡನ್’ ಎಂದು ಬಂದ ಕೂಡಲೇ ಬ್ರೌಸರ್ ತೆರೆದು ನೋಡುವ ಮೊದಲೇ ಗ್ರೂಪಿನಲ್ಲಿ ‘ಲೈವ್ ಆಯ್ತು’ ಎಂಬ ಸಂದೇಶ ಹೋಗಿರುತ್ತದೆ, ಜೊತೆಗೊಂದು ರಾಕೆಟ್. ಬ್ರೌಸರಿನಲ್ಲಿ ಕಾಣುವುದು ಮಾತ್ರ ಆ್ಯಪ್ ಕುಸಿದಿದೆ ಎನ್ನುವ ಪುಟ. ಲಾಗಿನಲ್ಲಿ ಅದರ ಹೆಸರು ಎಚ್10. ಕಾರಣ ಹೆಚ್ಚಾಗಿ ಒಂದೇ. ಆ್ಯಪ್ ಯಾವ ಪೋರ್ಟಿನಲ್ಲಿ ಕಿವಿಗೊಡಬೇಕೆಂಬುದನ್ನು ಹೆರೋಕು ‘ಪೋರ್ಟ್’ ಎಂಬ ವೇರಿಯಬಲ್‌ನಲ್ಲಿ ತಿಳಿಸುತ್ತದೆ; 60 ಸೆಕೆಂಡಿನೊಳಗೆ ಆ್ಯಪ್ ಆ ಪೋರ್ಟನ್ನು ಹಿಡಿಯದಿದ್ದರೆ ಕೊಂದುಹಾಕುತ್ತದೆ. ಶೂರ ಕೋಡಿನಲ್ಲಿ 3000 ಎಂದು ಬರೆದು ಮುಗಿಸಿರುತ್ತಾನೆ. ಲ್ಯಾಪ್‌ಟಾಪಿನಲ್ಲಿ 3000 ಯಾವತ್ತೂ ಖಾಲಿ. ಆದ್ದರಿಂದಲೇ ‘ನನ್ನ ಮಷೀನಲ್ಲಿ ಓಡ್ತಿದೆಯಲ್ಲಾ!’ ಎಂಬ ಉದ್ಗಾರ ಹೊರಡುತ್ತದೆ. ಆ ಮಾತು ಸುಳ್ಳಲ್ಲ. ಮಷೀನನ್ನು ಗ್ರಾಹಕರಿಗೆ ಕೊಟ್ಟುಬಿಡಲು ಅವನು ಒಪ್ಪುವುದಿಲ್ಲ ಎನ್ನುವುದಷ್ಟೇ ತೊಡಕು.

ಎರಡನೆಯ ಪೆಟ್ಟು ಬೀಳುವುದು ಮರುದಿನ. ಗ್ರಾಹಕರು ಏರಿಸಿದ ಫೋಟೋಗಳನ್ನು ಶೂರ ಡೈನೋದ ಡಿಸ್ಕಿಗೇ ಬರೆದಿರುತ್ತಾನೆ. ಡೈನೋ ದಿನಕ್ಕೊಮ್ಮೆಯಾದರೂ ಮರುಹುಟ್ಟು ಪಡೆಯುತ್ತದೆ, ಹಳೆಯ ಡಿಸ್ಕು ಅದರೊಡನೆ ಹೋಗುತ್ತದೆ. ಇದು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಇದೆ. ಫೋಟೋ ಎಲ್ಲಿ ಎಂದು ಕೇಳಿದ ಗ್ರಾಹಕರಿಗೆ ಸಿಗುವ ಉತ್ತರ: ‘ಕ್ಯಾಶ್ ಕ್ಲಿಯರ್ ಮಾಡಿ ನೋಡಿ.’

ಇನ್ನು ದುಡ್ಡಿನ ವಿಷಯ. ಹೆರೋಕುವಿನ ಪುಕ್ಕಟೆ ಡೈನೋ ಅರ್ಧ ಗಂಟೆ ಯಾರೂ ಬರದಿದ್ದರೆ ನಿದ್ದೆಹೋಗುತ್ತಿತ್ತು. ಅದನ್ನು ಎಬ್ಬಿಸಿಡಲೆಂದೇ ಆಗಾಗ ತಟ್ಟುವ ಮತ್ತೊಂದು ಪ್ರೋಗ್ರಾಂ ಬರೆದ ಶೂರರಿದ್ದರು. ತಿಂಗಳಿಗೆ ಏಳು ಡಾಲರ್ ಉಳಿಸಲು ಅವರು ಸುರಿದ ಭಾನುವಾರಗಳಿಗೆ ಲೆಕ್ಕವಿಲ್ಲ. 2022ರ ನವೆಂಬರ್ 28ರಿಂದ ಪುಕ್ಕಟೆ ಸೇವೆ ನಿಂತಿತು. ಅದಕ್ಕೆ ನಯಾಪೈಸೆ ಕೊಡದಿದ್ದವರೇ ಹೆಚ್ಚು ಮೋಸಹೋದವರಂತೆ ಅತ್ತರು. ಆಮೇಲೆ ರೆಂಡರ್, ಫ್ಲೈ, ರೈಲ್ವೆ ಮುಂತಾದ ಸೇವೆಗಳ ಕಡೆಗೆ ಗುಳೆ ಹೊರಟರು. ಮಗ ಫೋನಿನಲ್ಲಿ ‘ರೈಲ್ವೆಗೆ ಹಾಕಿದೀನಿ’ ಎಂದದ್ದನ್ನು ಕೇಳಿ ಅಂತೂ ಸರ್ಕಾರಿ ಕೆಲಸದ ಬುದ್ಧಿ ಬಂತಲ್ಲ ಎಂದು ಹಿಗ್ಗಿದ ತಾಯ್ತಂದೆಯರೂ ಇರಬಹುದು.

ಅಪ್ಪ ರಾಹುಕಾಲ ನೋಡಿದರೆ ಶೂರ ನಗುತ್ತಾನೆ. ಶುಕ್ರವಾರದ ರಾಹುಕಾಲ ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ. ಇವನದು ಅದೇ ಶುಕ್ರವಾರ ಸಂಜೆ ನಾಲ್ಕರಿಂದ ಸೋಮವಾರ ಬೆಳಗಿನವರೆಗೆ. ಆ ಅವಧಿಯಲ್ಲಿ ಪ್ರಾಣ ಹೋದರೂ ಪುಶ್ ಮಾಡುವುದಿಲ್ಲ. ಮ್ಯಾನೇಜರ್ ಕೇಳಿದರೆ ಮಾತ್ರ ದೋಷವಿಲ್ಲ. ಮ್ಯಾನೇಜರ್ ಕೇಳುವುದು ಶುಕ್ರವಾರ ಸಂಜೆಯೇ.

ಆ ಪುಶ್ಶಿನಿಂದ ಆ್ಯಪ್ ಕೆಟ್ಟಾಗ ನೆರವಿಗೆ ಬರುವುದು ‘ಹೆರೋಕು ರೋಲ್‌ಬ್ಯಾಕ್’. ಹಿಂದಿನ ಆವೃತ್ತಿಯನ್ನು ಅದು ನಿಮಿಷದೊಳಗೆ ಮರಳಿ ತರುತ್ತದೆ. ಶೂರ ಕೂಡಲೇ ಎದೆಯುಬ್ಬಿಸಿ ‘ಫಿಕ್ಸ್ ಮಾಡಿದೆ’ ಎಂದು ಗ್ರೂಪಿಗೆ ತಿಳಿಸುತ್ತಾನೆ, ಮತ್ತೊಂದು ರಾಕೆಟ್ ಹಾರಿಸುತ್ತಾನೆ. ಈ ಕಮಾಂಡ್ ಕೋಡನ್ನು ಹಿಂದಕ್ಕೆ ಒಯ್ಯುತ್ತದೆಯೇ ಹೊರತು ಡೇಟಾಬೇಸಿನ ಗೊಡವೆಗೆ ಹೋಗುವುದಿಲ್ಲ. ಹೊಸ ಆವೃತ್ತಿಯ ಜೊತೆಗೆ ಟೇಬಲಿನ ಒಂದು ಕಾಲಂ ಅಳಿಸಿದ್ದರೆ ಅದು ಅಳಿಸಿಯೇ ಹೋಗಿರುತ್ತದೆ. ಬೇಕೆಂದವರು ಪುಶ್ ಮಾಡುವ ಮೊದಲೇ ಬ್ಯಾಕಪ್ಪನ್ನು ತೆಗೆದಿಟ್ಟಿರಬೇಕು.