ಸಮುದ್ರಕ್ಕೊಂದು ಸ್ಟೆಪ್ನಿ

ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿರುವ ಆ ಮನೆಯಲ್ಲಿ ಧಾರೆ ಸೀರೆ ಹುಡುಕಬೇಕಾದರೆ ಮೊದಲು ಎರಡು ನೀರಿನ ಪಂಪು, ಮೂರು ಹೀಟರು, ಒಂದು ಬಕೆಟ್ ಉಪ್ಪು ಈಚೆಗೆ ತೆಗೆದಿಡಬೇಕು. ಯಾವುದೂ ಕೆಟ್ಟು ಕೂತದ್ದಲ್ಲ. ಎಲ್ಲ ಹೊಸವು, ಡಬ್ಬಿಯ ಮುದ್ರೆ ಒಡೆಯದವು. "ಇವೆಲ್ಲ ಯಾಕ್ರೀ?" ಎಂದರೆ ಯಜಮಾನರು "ಇರೋದು ಕೆಟ್ಟರೆ ಇರಲಿ ಅಂತ" ಎನ್ನುತ್ತಾರೆ. "ಕೆಡದೇ ಇದ್ದರೆ?" ಎಂಬ ಪ್ರಶ್ನೆ ಅವರ ಕಿವಿಗೆ ಬೀಳುವುದೇ ಇಲ್ಲ.

ಯಜಮಾನರನ್ನು ಸದ್ಯಕ್ಕೆ ರಾಯರು ಎನ್ನೋಣ. ಹಗಲು ಸರ್ವರ್‌ಗಳ ಬ್ಯಾಕಪ್ ಕಾಯುವುದು ಉದ್ಯೋಗ, ರಾತ್ರಿ ಹವಳ ಕಾಯುವುದು ಹವ್ಯಾಸ. ಬೇರೆಯವರ ಮನೆಯಲ್ಲಿ ಟಿವಿ ಇರುವ ಗೋಡೆಗೆ ಇವರ ಮನೆಯಲ್ಲಿ 120 ಗ್ಯಾಲನ್ ಗಾಜಿನ ತೊಟ್ಟಿ ಒರಗಿದೆ. ನಮ್ಮ ಲೆಕ್ಕದಲ್ಲಿ ಸುಮಾರು 450 ಲೀಟರ್ ಸಮುದ್ರ. ಲೀಟರಿಗೆ 35 ಗ್ರಾಂ ಉಪ್ಪು, 25 ಡಿಗ್ರಿ ಬಿಸಿ. ಎರಡರಲ್ಲಿ ಯಾವುದು ಏರುಪೇರಾದರೂ ಹವಳ ಮುನಿಸಿಕೊಳ್ಳುತ್ತದೆ. ಮುನಿದ ಹವಳ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಆ ಹವಳ ನೋಡಿ ರಾಯರೂ ಬೆಳ್ಳಗಾಗುತ್ತಾರೆ.

ಮೊದಲೆಲ್ಲ ಅವರು ಹೀಗಿರಲಿಲ್ಲ. 2018ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ಡಲ್ಲಾಸಿಗೆ ಬಂತು. ಡಲ್ಲಾಸಿನ ಉಳಿದ ಕನ್ನಡಿಗರ ಮನೆಗಳಂತೆ ಇವರ ಮನೆಯೂ ಛತ್ರವಾಯಿತು. ಹನ್ನೊಂದು ಜನ ನೆಂಟರು, ಎರಡು ಬಚ್ಚಲು, ಒಂದು ಇಸ್ತ್ರಿಪೆಟ್ಟಿಗೆ. ಸಮ್ಮೇಳನದ ಹಿಂದಿನ ರಾತ್ರಿ ಹಿರಿಯ ನೆಂಟರೊಬ್ಬರು ರೇಷ್ಮೆ ಪಂಚೆಗೆ ಇಸ್ತ್ರಿ ಹಾಕಲು ಗೋಡೆಯ ಪ್ಲಗ್ಗು ಹುಡುಕಿದರು, ಕಂಡ ಮೊದಲನೆಯದನ್ನು ಕಿತ್ತರು, ಇಸ್ತ್ರಿ ಮುಗಿಸಿ ಸುಖವಾಗಿ ನಿದ್ದೆಹೋದರು. ಆ ಒಂದು ಪ್ಲಗ್ಗಿನ ಬಾಲಕ್ಕೆ ಮೇಲೆತ್ತುವ ಪಂಪು, ಅಲೆ ಎಬ್ಬಿಸುವ ಪಂಪು, ಹೀಟರು ಎಲ್ಲ ಜೋತುಬಿದ್ದಿದ್ದವು.

ಬೆಳಗಿನ ಐದಕ್ಕೆ ಕಾಫಿಗೆಂದು ಎದ್ದ ರಾಯರಿಗೆ ಮೊದಲು ತಟ್ಟಿದ್ದು ನಿಶ್ಶಬ್ದ. ತೊಟ್ಟಿಯ ಮೀನುಗಳೆಲ್ಲ ನೀರಿನ ಮೇಲಂಚಿಗೆ ಬಂದು ಬಾಯಿ ಬಿಡುತ್ತಿದ್ದವು. ಅಷ್ಟು ಬೆಚ್ಚಗಿನ ಉಪ್ಪುನೀರಿನ ಒಂದು ಲೀಟರಿನಲ್ಲಿ ಕರಗಿ ನಿಲ್ಲುವ ಆಮ್ಲಜನಕ ಹೆಚ್ಚೆಂದರೆ ಏಳು ಮಿಲಿಗ್ರಾಂ. ದೀಪವಿದ್ದಾಗ ಹವಳದೊಳಗಿನ ಪಾಚಿ ಆಮ್ಲಜನಕ ಕೊಡುತ್ತದೆ. ದೀಪ ಆರಿದರೆ ಅದೂ ಮೀನಿನ ಜೊತೆ ಉಣ್ಣಲು ಪಂಕ್ತಿಯಲ್ಲಿ ಕೂರುತ್ತದೆ. ನೀರು ಅಲುಗಿ ಮೇಲುಮೈ ಗಾಳಿಗೆ ತಾಗುತ್ತಿದ್ದರೆ ಸರಿ. ಇಲ್ಲವಾದರೆ ಹಾಲಿನಲ್ಲಿ ಮಲಗಿದ ಹನ್ನೊಂದು ಜನ ನೆಂಟರಂತೆ ಎಲ್ಲರೂ ಒಂದೇ ಗಾಳಿ ಹಂಚಿಕೊಳ್ಳಬೇಕು. ಅಂದು ಮೀನೇನೋ ಉಳಿದವು. ಸಮ್ಮೇಳನದ ಮೆರವಣಿಗೆಗೆ ಮಾತ್ರ ರಾಯರು ಬರಲಿಲ್ಲ. ಪಂಚೆಗೇನೂ ಆಗಲಿಲ್ಲ, ಗರಿಗರಿಯಾಗಿತ್ತು.

ಹವಳ ಸಾಕುವವರಲ್ಲಿ ಒಂದು ಮಾತಿದೆ: ಎರಡಿದ್ದರೆ ಒಂದಿದ್ದ ಹಾಗೆ, ಒಂದಿದ್ದರೆ ಇಲ್ಲದ ಹಾಗೆ. ರಾಯರು ಅದನ್ನು ಮಂತ್ರದಂತೆ ಹಿಡಿದರು. ಹೀಟರನ್ನೇ ತೆಗೆದುಕೊಳ್ಳಿ. ಅದು ಕೆಡುವುದು ಎರಡು ಬಗೆ: ಸತ್ತು ಕೆಡುವುದು, ಬದುಕಿ ಕೆಡುವುದು. ಸತ್ತರೆ ನೀರು ಮೆಲ್ಲಗೆ ತಣ್ಣಗಾಗುತ್ತದೆ, ನೋಡಿಕೊಳ್ಳಲು ಹೊತ್ತಿರುತ್ತದೆ. ಬದುಕಿ ಕೆಟ್ಟರೆ ಒಳಗಿನ ಥರ್ಮೋಸ್ಟಾಟಿನ ಸಂಪರ್ಕ ಅಂಟಿಕೊಂಡು, ಆಫ್ ಆಗುವುದನ್ನೇ ಮರೆತು ಕಾಯಿಸುತ್ತಲೇ ಇರುತ್ತದೆ. ಬೆಳ್ಳುಳ್ಳಿಯೂ ಒಳಗೆ ಬಾರದ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಮೀನಿನ ಸಾರು ತಯಾರು. ಅದಕ್ಕೇ ಐನೂರು ವ್ಯಾಟಿನ ಒಂದರ ಬದಲು ಇನ್ನೂರೈವತ್ತರ ಎರಡು. ಒಂದು ಸತ್ತರೆ ಇನ್ನೊಂದು ತಕ್ಕಮಟ್ಟಿಗೆ ಕಾಯುತ್ತದೆ; ಒಂದು ಹುಚ್ಚೆದ್ದರೂ ಅಷ್ಟು ನೀರು ಬೇಯಿಸುವ ತಾಕತ್ತು ಅದಕ್ಕಿಲ್ಲ. ಎರಡರ ಮೇಲೂ ಕಣ್ಣಿಡಲು ಹೊರಗೊಂದು ಕಂಟ್ರೋಲರ್. ಕಂಟ್ರೋಲರ್ ಕೆಟ್ಟರೆ ಇರಲೆಂದು ಬೀರುವಿನಲ್ಲಿ, ಧಾರೆ ಸೀರೆಯ ಕೆಳಗೆ, ಇನ್ನೊಂದು.

"ಮಿಕ್ಸಿ ಜಾರಿನ ಮುಚ್ಚಳ ಒಡೆದು ನಾಲ್ಕು ವರ್ಷ ಆಯ್ತು. ತಟ್ಟೆ ಮುಚ್ಚಿ, ಕೈ ಒತ್ತಿ ಚಟ್ನಿ ರುಬ್ತಿದೀನಿ. ಅದಕ್ಕೆ ಬ್ಯಾಕಪ್ ಯಾಕಿಲ್ಲ?" ಎಂದು ಹೆಂಡತಿ ಕೇಳಿದ್ದುಂಟು. ರಾಯರು ಕೂಡಲೇ ಊರಿಗೆ ಫೋನು ಮಾಡಿ, ಬರುತ್ತಿದ್ದ ತಮ್ಮನ ಕೈಲಿ ಮುಚ್ಚಳ ತರಿಸಿದರು. ಜೊತೆಗೆ ಅಗ್ಗವೆಂದು ಎರಡು ಏರ್ ಪಂಪು. ಮುಚ್ಚಳ ಬೇರೆ ಅಳತೆಯದಾಗಿ ಜಾರಿಗೆ ಕೂರಲಿಲ್ಲ. 230 ವೋಲ್ಟಿನಲ್ಲಿ ಹುಟ್ಟಿ ಬೆಳೆದ ಪಂಪು ಇಲ್ಲಿನ 120 ವೋಲ್ಟಿಗೆ ಮುದುಕರಂತೆ ಕೆಮ್ಮಿ ಸುಮ್ಮನಾಯಿತು. ಎರಡನ್ನೂ ರಾಯರು ಎಸೆಯಲಿಲ್ಲ. ಇರಲಿ ಅಂತ.

ಇದನ್ನೆಲ್ಲ ನಮ್ಮೂರಲ್ಲಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: ಸ್ಟೆಪ್ನಿ. ವೇಲ್ಸಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಡೇವಿಸ್ ಸಹೋದರರು ಕಾರಿಗೆ ಬದಲಿ ಚಕ್ರ ಮಾಡಿ ಮಾರಿದರು. ಬೀದಿಯ ಹೆಸರೇ ಚಕ್ರಕ್ಕೆ ಅಂಟಿತು. ಆ ಮಾತನ್ನು ಇವತ್ತು ಜೋಪಾನ ಮಾಡಿಟ್ಟಿರುವವರು ನಮ್ಮ ಆಟೋ ಚಾಲಕರು ಮತ್ತು ಪಂಚರ್ ಅಂಗಡಿಯವರು. ಟೆಕ್ಸಾಸಿಗೆ ಬಂದ ಹೊಸತರಲ್ಲಿ ರಾಯರು ಗ್ಯಾರೇಜಿನಲ್ಲಿ "ಸ್ಟೆಪ್ನಿ ಎಲ್ಲಿದೆ?" ಎಂದು ಕೇಳಿದಾಗ ಮೆಕ್ಯಾನಿಕ್ ಅದನ್ನು ಯಾವುದೋ ಹುಡುಗಿಯ ಹೆಸರೆಂದುಕೊಂಡು "ಆಕೆ ಇಲ್ಲಿ ಕೆಲಸ ಮಾಡುವುದಿಲ್ಲ" ಎಂದಿದ್ದ.

2020ರ ಜನವರಿಯಲ್ಲಿ ರಾಯರ ತಾಯಿ ಆರು ತಿಂಗಳಿಗೆಂದು ಬಂದರು. ಮಾರ್ಚಿನಲ್ಲಿ ಕೊರೊನಾ ದೆಸೆಯಿಂದ ವಿಮಾನ ನಿಂತವು. ವೀಸಾ ಅವಧಿ ಎರಡು ಸಲ ವಿಸ್ತರಣೆಯಾಯಿತು. ಜಯನಗರದಿಂದ ಬಂದ ಅಜ್ಜಿಯ ಸೂಟ್‌ಕೇಸಿನಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟು ನಾಲ್ಕು, ಸೇಫ್ಟಿ ವಾಲ್ವು ಆರು, ವಿಸಿಲ್ಲು ಎರಡು. ಸೊಸೆ ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಏನೂ ಹೇಳಲಿಲ್ಲ. ರೋಗದ ಮೂಲ ಸಿಕ್ಕಿತ್ತು.

ತೊಟ್ಟಿಯ ಕೆಳಗಿನ ಬಾಗಿಲು ತೆರೆದು ರಾಯರು ತಾಯಿಗೆ ವ್ಯವಸ್ಥೆ ವಿವರಿಸತೊಡಗಿದರು. ಮೇಲಿನ ನೀರು ತುಂಬಿ ಕೆಳಗಿನ ಸಂಪಿಗೆ ಇಳಿಯುತ್ತದೆ, ಅಲ್ಲಿ ಶುದ್ಧವಾಗಿ—

"ಸಂಪಾ? ಹಾಗೆ ಹೇಳು ಮತ್ತೆ!" ಎಂದರು ಅಜ್ಜಿ. "ಕೆಳಗೆ ಸಂಪು, ಮೇಲೆ ಟ್ಯಾಂಕು, ಮಧ್ಯೆ ಮೋಟರು. ನಮ್ಮನೇದೇ ಇದು. ಸರಿ, ಕರೆಂಟ್ ಹೋದ್ರೆ ಮೇಲಿನ ನೀರು ಪೈಪಲ್ಲಿ ವಾಪಸ್ ಸುರಿಯಲ್ವೇನೋ?"

ರಾಯರು ಬಾಯಿ ತೆರೆದುಕೊಂಡೇ ನಿಂತರು. ಹೊಸಬರು ನೆಲವೆಲ್ಲ ಒದ್ದೆಯಾದ ಮೇಲೆ ಕೇಳುವ ಪ್ರಶ್ನೆ ಅದು. ಪಂಪು ನಿಂತರೆ ನೀರು ಹಿಮ್ಮುಖ ಸೈಫನ್ ಆಗಿ ಇಳಿಯುತ್ತದೆ. ಅದನ್ನು ತಡೆಯಲು ಪೈಪಿನಲ್ಲಿ, ನೀರಿನ ಮಟ್ಟದ ಹತ್ತಿರ, ಚಿಕ್ಕ ತೂತು ಕೊರೆದು ಗಾಳಿ ನುಗ್ಗಲು ಬಿಡಬೇಕು; ಸಂಪಿನಲ್ಲೂ ಒಂದಿಷ್ಟು ಜಾಗ ಖಾಲಿ ಇರಬೇಕು. ಆವಿಯಾದ ನೀರಿಗೆ ದಿನವೂ ಸಿಹಿನೀರನ್ನೇ ಯಾಕೆ ಸೇರಿಸಬೇಕೆಂದೂ ಅವರು ಹೇಳಹೊರಟರು. "ಬತ್ತಿದ ಸಾರಿಗೆ ನೀರು ಹಾಕ್ತಾರೋ, ಉಪ್ಪು ಹಾಕ್ತಾರೋ?" ಎಂದು ಅಜ್ಜಿ ಅದನ್ನೂ ಮುಗಿಸಿದರು.

ಅಜ್ಜಿಗೆ ಬಹಳ ಹಿಡಿಸಿದ್ದು ಕಿತ್ತಳೆ ಬಣ್ಣದ ಕ್ಲೌನ್ ಮೀನಿನ ಜೋಡಿ. ದೊಡ್ಡದು ಹೆಣ್ಣು, ಸಣ್ಣದು ಗಂಡು. ಸಮುದ್ರದಲ್ಲಿ ಇವು ಮನೆ ಹೂಡುವ ಒಂದು ಅನಿಮೋನಿಗೆ ಒಂದು ಸಂಸಾರ, ಯಜಮಾನಿಕೆ ಹೆಣ್ಣಿನದು. ಆಕೆ ಸತ್ತರೆ ಗಂಡನೇ ಕ್ರಮೇಣ ಹೆಣ್ಣಾಗುತ್ತಾನೆ, ಅವನ ಜಾಗಕ್ಕೆ ಮರಿಗಳಲ್ಲಿ ದೊಡ್ಡದು ಬಡ್ತಿ ಪಡೆಯುತ್ತದೆ. ವಿಜ್ಞಾನಿಗಳು 1977ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. "ನೋಡಿದ್ಯಾ, ಪ್ರಕೃತಿಯೇ ಬ್ಯಾಕಪ್ ಇಟ್ಟಿದೆ" ಎಂದು ರಾಯರು ಹೆಂಡತಿಯ ಮುಂದೆ ಬೀಗಿದರು. "ಇಟ್ಟಿದೆ. ಆದರೆ ಬೀರುವಿನಲ್ಲಿ ಇಟ್ಟಿಲ್ಲ" ಎಂದಳಾಕೆ.

ಇನ್ನು 2021ರ ಫೆಬ್ರವರಿ.

ಅಮೆರಿಕದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ದೊಡ್ಡ ವಿದ್ಯುತ್ ಜಾಲವಿದೆ. ಟೆಕ್ಸಾಸ್ ಮಾತ್ರ ಎರಡರಲ್ಲೂ ಸರಿಯಾಗಿ ಕೂಡಿಕೊಳ್ಳದೆ ಬಹುಮಟ್ಟಿಗೆ ಬೇರೆ ಒಲೆ ಹೂಡಿದ ರಾಜ್ಯ. ಅಂದರೆ ಸ್ಟೆಪ್ನಿ ಇಲ್ಲದ ಗಾಡಿ. ಆ ತಿಂಗಳ ಹಿಮಗಾಳಿಗೆ ಅನಿಲದ ಕೊಳವೆ, ವಿದ್ಯುತ್ ಸ್ಥಾವರ ಎಲ್ಲ ಮರಗಟ್ಟಿದವು. ಫೆಬ್ರವರಿ 15ರ ನಸುಕಿನಲ್ಲಿ ಊರೂರಿನ ಕರೆಂಟು ತೆಗೆಯಲು ಅಪ್ಪಣೆಯಾಯಿತು. ಇನ್ನು 4 ನಿಮಿಷ 37 ಸೆಕೆಂಡ್ ಹಾಗೇ ಸಾಗಿದ್ದರೆ ಇಡೀ ಜಾಲವೇ ಮಲಗಿಬಿಡುತ್ತಿತ್ತೆಂದು ಅದನ್ನು ನೋಡಿಕೊಳ್ಳುವ ಸಂಸ್ಥೆಯೇ ಆಮೇಲೆ ಹೇಳಿತು. ನಲವತ್ತೈದು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಮರುದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ.

ಪ್ಲೇನೋದ ಮನೆಯಲ್ಲಿ ಮೊದಲು ಎದ್ದದ್ದು ಯುಪಿಎಸ್‌ಗಳು. ಮೂರು ಮೂಲೆಯಿಂದ ಮೂರು ಶ್ರುತಿಯಲ್ಲಿ ಕೀ ಕೀ ಎಂದವು. ರಾಯರ ಮುಖದಲ್ಲಿ ಮಗಳ ಮದುವೆಯ ದಿನದ ಕಳೆ. ಮೂರು ವರ್ಷ ಕಾದ ಕ್ಷಣ ಬಂದಿತ್ತು. 12 ವೋಲ್ಟಿನ, 18 ಆಂಪಿಯರ್ ಅವರ್‌ನ ಬ್ಯಾಟರಿಗೆ ಅಲೆಯ ಪಂಪು ಕೂಡಿಸಿದರು. ಹತ್ತು ವ್ಯಾಟಿನ ಪಂಪಾದ್ದರಿಂದ ಸುಮಾರು ಇಪ್ಪತ್ತು ಗಂಟೆ ನಿಶ್ಚಿಂತೆ. "ಹೀಟರನ್ನೂ ಅದಕ್ಕೇ ಹಾಕಿ" ಎಂದಳು ಹೆಂಡತಿ. ಇನ್ನೂರೈವತ್ತು ವ್ಯಾಟಿನ ಹೀಟರು ಅದೇ ಬ್ಯಾಟರಿಯನ್ನು ಒಂದು ಗಂಟೆಯೊಳಗೆ ನೆಕ್ಕಿಬಿಡುತ್ತದೆ. ಮೊದಲು ಉಸಿರು, ಆಮೇಲೆ ಬಿಸಿ ಎಂಬುದು ಈ ಕಸುಬಿನ ಕ್ರಮ. ಹೀಗೆ ಬೀರುವಿನಲ್ಲಿದ್ದ ಮೂರು ಹೊಸ ಹೀಟರು ಮುದ್ರೆ ಒಡೆಸಿಕೊಳ್ಳದೆ ಬೀರುವಿನಲ್ಲೇ ಉಳಿದವು.

ಸಂಜೆಗೆ ಮನೆಯೊಳಗೆ 8 ಡಿಗ್ರಿ, ತೊಟ್ಟಿ 21. ಅಜ್ಜಿ ಶಾಲಿನ ಮೇಲೆ ಶಾಲು ಹೊದ್ದು ಬಂದು ಗಾಜು ಮುಟ್ಟಿದರು. "ಒಲೆ ಗ್ಯಾಸಿಂದು ತಾನೆ? ಬೆಂಕಿಪೊಟ್ಟಣ ಕೊಡಿ. ನೀರು ಕಾಯಿಸಿ ಬಾಟ್ಲೀಲಿ ತುಂಬಿ ಬಿಡೋದಪ್ಪ." ಹಾಲಿನ ಗ್ಯಾಲನ್ ಡಬ್ಬಗಳಿಗೆ ಬಿಸಿನೀರು ತುಂಬಿತು. ಅಜ್ಜಿ ಮೊಣಕೈ ತಾಗಿಸಿ ನೋಡಿ "ಕೂಸಿಗೆ ಎರೆಯೋ ಬಿಸಿಗಿಂತ ಜಾಸ್ತಿ ಇದೆ, ಆದರೂ ಪರವಾಗಿಲ್ಲ, ಡಬ್ಬದೊಳಗೇ ಇರತ್ತಲ್ಲ" ಎಂದರು. ರಾಯರು ಲೆಕ್ಕ ಹಾಕಿದರು: 450 ಲೀಟರನ್ನು ಒಂದು ಡಿಗ್ರಿ ಏರಿಸಲು ಎರಡೂವರೆ ಡಬ್ಬ. ಒಂದು ಡಿಗ್ರಿ ಏರುವಷ್ಟರಲ್ಲಿ ಕೋಣೆ ಅರ್ಧ ಡಿಗ್ರಿ ಕಸಿದುಕೊಳ್ಳುತ್ತಿತ್ತು. ರಾತ್ರಿಯಿಡೀ ಡಬ್ಬ ಇಳಿಸುವುದು, ಎತ್ತುವುದು, ಕಾಯಿಸುವುದು. ಕ್ಲೌನ್ ಮೀನಿನ ಯಜಮಾನಿ ಒಂದು ಡಬ್ಬದ ಮಗ್ಗುಲಿಗೆ ಅಂಟಿಕೊಂಡು ಗಂಡನನ್ನು ಹತ್ತಿರ ಬಿಡಲಿಲ್ಲ.

ಮರುದಿನ ಬ್ಯಾಟರಿ ಬರಿದಾಯಿತು. ರಾಯರು ಕಾರಿನಿಂದ ವೈರು ಎಳೆಯಲು ಮಂಜಿನಲ್ಲಿ ಒದ್ದಾಡುತ್ತಿದ್ದಾಗ ಅಜ್ಜಿ ಚೊಂಬಿನಲ್ಲಿ ತೊಟ್ಟಿಯ ನೀರು ಮೊಗೆದು, ತೋಳೆತ್ತರದಿಂದ, ಎರಡು ಲೋಟದಲ್ಲಿ ಕಾಫಿ ಆರಿಸುವಂತೆ ಸುರಿಯತೊಡಗಿದರು. ನೊರೆ ಎದ್ದಿತು. ನೀರಿಗೆ ಗಾಳಿ ಬೆರೆಸಲು ಹವಳದವರು ಆಪತ್ತಿಗೆ ಹೇಳುವ ಉಪಾಯವೂ ಅದೇ. ಎರಡು ನಿಮಿಷಕ್ಕೊಮ್ಮೆ ಮೊಮ್ಮಗಳು, ಸೊಸೆ, ಅಜ್ಜಿ ಸರದಿ ಬದಲಾಯಿಸಿದರು.

ಅಷ್ಟರಲ್ಲಿ ನಲ್ಲಿಯೂ ನಿಂತಿತು. ಮೀನಿಗೆಂದು ಕೂಡಿಟ್ಟ ನೂರು ಲೀಟರ್ ಶುದ್ಧನೀರನ್ನು ಮನೆಯವರು ಕುಡಿದರು, ಅನ್ನಕ್ಕಿಟ್ಟರು. ಬಚ್ಚಲಿಗೆ? ತೊಟ್ಟಿಯ ನೀರು ಬದಲಿಸಲೆಂದು ರಾಯರು ಗ್ಯಾರೇಜಿನ ಡ್ರಮ್ಮಿನಲ್ಲಿ ಕಲಸಿಟ್ಟಿದ್ದ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳೆದು ಹದಮಾಡಿದ ಸಮುದ್ರವಿತ್ತು. ಪೆಸಿಫಿಕ್ ಮಹಾಸಾಗರ ಬಕೆಟ್ ಬಕೆಟ್ಟಾಗಿ ಕಕ್ಕಸಿಗೆ ಹೋಯಿತು. ಪ್ರತಿ ಫ್ಲಷ್ಷಿಗೂ ರಾಯರು ಕಣ್ಣುಮುಚ್ಚಿಕೊಂಡರು.

ಬುಧವಾರ ಸಂಜೆ ಕರೆಂಟು ಬಂತು. ಮೀನುಗಳೆಲ್ಲ ಬದುಕಿದ್ದವು. ಚಕ್ಕಳದಂಥ ಮೈಯ ಲೆದರ್ ಹವಳ ಏನೂ ಆಗಿಲ್ಲವೆಂಬಂತೆ ಮೈಮುರಿದೆದ್ದಿತು. ಆದರೆ ಏಳು ವರ್ಷ ಬೆಳೆಸಿದ ಹಸಿರು ಅಕ್ರೊಪೊರ, ಕೊಂಬೆ ಕೊಂಬೆಯಾಗಿದ್ದದ್ದು, ವಾರದೊಳಗೆ ಮೈ ಕಳಚಿಕೊಂಡು ಸುಣ್ಣದ ಕಡ್ಡಿಯಾಯಿತು. ಅಡುಗೆಮನೆಯಲ್ಲೂ ಒಂದು ಸಾವಾಗಿತ್ತು. ಬಂದ ಹೊಸತರಲ್ಲಿ ಅಜ್ಜಿ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಎಬ್ಬಿಸಿದ್ದ ಹೆಪ್ಪು, ಹಾಲು ಸಿಗದ ಆ ದಿನಗಳಲ್ಲಿ ಕಡೇ ತುತ್ತು ಮೊಸರನ್ನವಾಗಿ ಮುಗಿದುಹೋಗಿತ್ತು.

ಮಾರ್ಚಿನ ಒಂದು ಭಾನುವಾರ ಅರ್ವಿಂಗಿನಿಂದ ರಾಯರ ಸ್ನೇಹಿತ ಬಂದ. ಆಸ್ಪತ್ರೆ ಇರುವ ಲೈನಿಗೇ ಅವನ ಮನೆಯೂ ಸೇರಿದ್ದರಿಂದ ಅಲ್ಲಿ ಕರೆಂಟೇ ಹೋಗಿರಲಿಲ್ಲ. ಎರಡು ವರ್ಷದ ಹಿಂದೆ ರಾಯರು ಅದೇ ಅಕ್ರೊಪೊರದ ಹೆಬ್ಬೆರಳುದ್ದದ ಟೊಂಗೆ ಕತ್ತರಿಸಿ, ನಮ್ಮ ಫೆವಿಕ್ವಿಕ್ ಜಾತಿಯದೇ ಅಂಟಿನಿಂದ ಬಿಲ್ಲೆಗೆ ಕೂರಿಸಿ ಅವನಿಗೆ ಕೊಟ್ಟಿದ್ದರು. ಅಜ್ಜಿಯೂ ಒಮ್ಮೆ ಅವನ ಹೆಂಡತಿಗೆ ಒಂದು ಚಮಚ ಹೆಪ್ಪು ಕೊಟ್ಟಿದ್ದರು. ಈಗ ಮಾಸ್ಕ್ ಹಾಕಿಕೊಂಡೇ ಹೊಸಿಲಾಚೆ ನಿಂತು ಅವನು ಎರಡು ಮೊಸರಿನ ಡಬ್ಬ ಚಾಚಿದ. ಒಂದೇ ಅಂಗಡಿಯವು, ಒಂದೇ ಅಳತೆಯವು, ಒಂದೇ ನೀಲಿ ಮುಚ್ಚಳ. "ಯಾವುದು ಯಾವುದು ಅಂತ ಅವಳು ಹೇಳಿದ್ಲು. ಕಾರಲ್ಲಿ ಮರೆತುಹೋಯ್ತು" ಎಂದ.

ರಾಯರು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲು ನೋಡಿದರು. ಅಜ್ಜಿ ಅದನ್ನು ಕಿತ್ತುಕೊಂಡು ಮುಚ್ಚಳದ ಅಂಚು ಮಾತ್ರ ಎತ್ತಿ, ಕಿರುಬೆರಳು ಅದ್ದಿ, ನಾಲಗೆಗೆ ತಾಗಿಸಿದರು.

"ಥೂ, ಉಪ್ಪು. ಇದು ನಿಂದು" ಎಂದು ಮಗನ ಕೈಗಿಟ್ಟು, ಇನ್ನೊಂದನ್ನು ಸೆರಗಿನಡಿ ಇಟ್ಟುಕೊಂಡು ಒಳಗೆ ಹೋದರು.