ಚೆಕಿಂಗ್ ಸಾಹೇಬರು

ಸುರಕ್ಷತೆಯ ವಿಷಯದಲ್ಲಿ ನಾಗಪುರ ನಗರದ ಘನತೆ ಸಾಮಾನ್ಯವಾದುದಲ್ಲ. 1898ರಲ್ಲಿ ಹುಟ್ಟಿದ ಸ್ಫೋಟಕ ಇಲಾಖೆಯ ಇಂದಿನ ರೂಪವಾಗಿ ಪೆಟ್ರೋಲ್, ಅಡುಗೆ ಅನಿಲ, ಸಿಡಿಮದ್ದುಗಳ ಮೇಲೆ ನಿಗಾ ಇಡುವ 'ಪೆಸೊ' ಎಂಬ ಕೇಂದ್ರ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಇಲ್ಲಿ. ದೇಶದ ಅಗ್ನಿಶಾಮಕ ಅಧಿಕಾರಿಗಳನ್ನು ತರಬೇತುಗೊಳಿಸುವ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1957ರಿಂದ ನೆಲೆಸಿರುವುದೂ ಇಲ್ಲಿಯೇ. ಆದರೆ ಈ ಎರಡು ಸಂಸ್ಥೆಗಳಿಗಿಂತ ಗಟ್ಟಿಯಾದ ದನಿಯಲ್ಲಿ ಸುರಕ್ಷತೆಯನ್ನು ಬೋಧಿಸುವ, ಯಾವ ಸಂಸ್ಥೆಗೂ ಸೇರದ ಇನ್ನೊಂದು ಜಾತಿಯ ತಜ್ಞರು ದೇಶದ ಉಳಿದ ನಗರಗಳಲ್ಲಿರುವಂತೆ ಇಲ್ಲಿನ ಬಡಾವಣೆಗಳಲ್ಲಿಯೂ ಸಂಚರಿಸುತ್ತಾರೆ. ಮನೆಯ ಗ್ಯಾಸ್ ಒಲೆಯನ್ನು ಸರ್ಕಾರದ ಆಜ್ಞೆಯಂತೆ ತಪಾಸಣೆ ಮಾಡಲು ಬಂದಿರುವುದಾಗಿ ಹೇಳಿಕೊಂಡು, ಬೆದರಿಸಿ, ಪೈಪು ಮಾರಿ ಹೋಗುವ ಈ ವರ್ಗದವರನ್ನು ಪ್ರಸ್ತುತ ಅಧ್ಯಯನದ ಅನುಕೂಲಕ್ಕಾಗಿ 'ಚೆಕಿಂಗ್ ಸಾಹೇಬರು' ಎಂದು ಕರೆಯಬಹುದು.

ಸಾಹೇಬರ ಸಂಚಾರಕಾಲ ಹಗಲು ಹನ್ನೊಂದರಿಂದ ನಾಲ್ಕರವರೆಗೆ, ಅಂದರೆ ಮನೆಯ ದುಡಿಯುವವರು ಕಚೇರಿಯಲ್ಲಿದ್ದು, ಹಿರಿಯರು ಊಟ ಮುಗಿಸಿ ಕಣ್ಣು ಮುಚ್ಚುವ ಹೊತ್ತು. ಮೇ ತಿಂಗಳಲ್ಲಿ ಪಾದರಸ ನಲವತ್ತೈದು ಡಿಗ್ರಿಯನ್ನು ಮುಟ್ಟುವ ಊರಿನಲ್ಲಿ, ಆ ಬಿಸಿಲಲ್ಲಿ ಕರ್ತವ್ಯಕ್ಕಾಗಿ ಬಂದವರನ್ನು ಸುಳ್ಳರೆಂದು ಶಂಕಿಸಲು ಮನಸ್ಸು ಹಿಂಜರಿಯುವುದು ಸಹಜ. ಮೊದಲು ಒಂದು ಲೋಟ ನೀರು ಕೊಟ್ಟ ಗೃಹಿಣಿಗೆ ಆಮೇಲೆ ಗುರುತಿನ ಚೀಟಿ ಕೇಳುವುದು ಒರಟುತನವೆನಿಸುತ್ತದೆ. ಕೇಳಿದರೂ ಸಾಹೇಬರ ಕೊರಳಲ್ಲಿ ಚೀಟಿ ಇದ್ದೇ ಇರುತ್ತದೆ. ಗ್ಯಾಸ್, ಸೇವೆ, ಸುರಕ್ಷೆ, ಭಾರತ ಎಂಬ ನಾಲ್ಕು ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಒಂದು ಸಂಸ್ಥೆಯ ಹೆಸರು ಸಿದ್ಧವಾಗುವುದರಿಂದ ಆ ಚೀಟಿಗೆ ಹೆಸರಿನ ಕೊರತೆಯೇನೂ ಇಲ್ಲ.

ಅವರ ವಿದ್ಯೆಯ ಸಾರ ವ್ಯಕ್ತವಾಗುವುದು ಅಡುಗೆಮನೆಯಲ್ಲಿ. ಮೊದಲು ಅವರು ಸಿಲಿಂಡರಿನ ಕೊರಳಪಟ್ಟಿಯ ಒಳಮೈಯಲ್ಲಿ ಬರೆದಿರುವ ಒಂದು ಅಕ್ಷರ ಹಾಗೂ ಎರಡು ಅಂಕಿಗಳನ್ನು ಓದಿ ನಿಟ್ಟುಸಿರು ಬಿಡುತ್ತಾರೆ. ಎ, ಬಿ, ಸಿ, ಡಿ ಅಕ್ಷರಗಳು ವರ್ಷದ ನಾಲ್ಕು ತ್ರೈಮಾಸಿಕಗಳನ್ನೂ ಅಂಕಿಗಳು ಇಸವಿಯನ್ನೂ ಸೂಚಿಸುತ್ತವೆ. ಅದು ಸಿಲಿಂಡರನ್ನು ಮತ್ತೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕಾದ ಗಡುವೇ ಹೊರತು ಅದರ ಆಯುಸ್ಸು ತೀರುವ ದಿನವಲ್ಲ. ಸಾಹೇಬರು ಮಾತ್ರ ಅದನ್ನು ಜಾತಕ ನೋಡಿದಂತೆ ನೋಡಿ, ಮನೆಯವರ ಆಯುಸ್ಸಿನ ವಿಷಯವನ್ನೇ ಎತ್ತುತ್ತಾರೆ. ಅನಂತರದ್ದು ಸೋಪಿನ ಪ್ರಯೋಗ. ಸಿಲಿಂಡರಿನಿಂದ ಬರುವ ಅನಿಲದ ಒತ್ತಡವನ್ನು ತಗ್ಗಿಸುವ ರೆಗ್ಯುಲೇಟರ್ ಎಂಬ ಭಾಗಕ್ಕೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದು ಸರಿಯಾದ ಕ್ರಮವೇ ಆಗಿದ್ದು, ಸೋರಿಕೆಯಿದ್ದರೆ ಹಚ್ಚಿದ ಜಾಗದಲ್ಲಿ ಹೊಸ ಗುಳ್ಳೆಗಳು ಒಂದೇ ಸಮನೆ ಉಬ್ಬುತ್ತವೆ. ಸಾಹೇಬರು ಸೋಪನ್ನು ಮೊದಲೇ ನೊರೆಯಾಗುವಂತೆ ಕಲಸಿ ಹಚ್ಚುವುದರಿಂದ ಅವರ ಪ್ರಯೋಗ ಯಾವ ಮನೆಯಲ್ಲಿಯೂ ವಿಫಲವಾದ ಉದಾಹರಣೆಯಿಲ್ಲ. ಚಮಚೆಗೆ ಹಚ್ಚಿದ್ದರೂ ಅದು ಸೋರುತ್ತಿದೆ ಎಂದೇ ಸಿದ್ಧವಾಗುತ್ತಿತ್ತು.

ಈ ಹಂತದಲ್ಲಿ ಚೀಲದಿಂದ ಕಿತ್ತಳೆ ಬಣ್ಣದ ಪೈಪು ಹೊರಬರುತ್ತದೆ. ವಿಮರ್ಶಕರು ಗಮನಿಸಬೇಕಾದ ಸೂಕ್ಷ್ಮವೆಂದರೆ, ಸಾಹೇಬರು ಹೇಳುವ ಮಾತುಗಳಲ್ಲಿ ಹೆಚ್ಚಿನವು ನಿಜ. ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇರುವುದು ನಿಜ. ಐಎಸ್‌ಐ ಗುರುತಿನ 'ಸುರಕ್ಷಾ' ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದೂ ನಿಜ. ಹಳೆಯ ಪೈಪು ಬಿರುಕುಬಿಟ್ಟರೆ ಅಪಾಯವೆಂಬುದಂತೂ ನಿಜವೇ ನಿಜ. ಇಷ್ಟೆಲ್ಲ ಸತ್ಯಗಳ ನಡುವೆ ಸುಳ್ಳು ಎಂಬುದು ಒಂದೇ ಒಂದು, ಅದು ಸ್ವತಃ ಸಾಹೇಬರು. ಬೇರೆ ಮೋಸಗಾರರು ಸುಳ್ಳು ಹೇಳಿ ಸಿಕ್ಕಿಬೀಳುತ್ತಾರೆ. ಇವರು ಕಂಪನಿಯ ಕರಪತ್ರವನ್ನೇ ಬಾಯಿಪಾಠ ಮಾಡಿರುವುದರಿಂದ ಓದು ಬರಹ ಬಲ್ಲ ಮನೆಗಳಲ್ಲಿಯೇ ಹೆಚ್ಚು ಗೌರವ ಪಡೆಯುತ್ತಾರೆ.

ಬ್ಯಾಂಕು, ರೈಲ್ವೆ, ಅಕೌಂಟೆಂಟ್ ಜನರಲ್ ಕಚೇರಿಗಳ ನೌಕರಿಗೆಂದು ಬಂದು ಈ ಊರಿನಲ್ಲಿ ನೆಲೆಸಿದ ಕನ್ನಡದವರ ಮನೆ ಸಾಹೇಬರ ಪಾಲಿಗೆ ವಿಶೇಷ ಫಲದಾಯಕ. ಮಗನ ಮನೆಗೆಂದು ಧಾರವಾಡದಿಂದ ಬಂದ ಅಜ್ಜಿಗೆ ಅವರ ಮರಾಠಿ ಮಿಶ್ರಿತ ಹಿಂದಿ ಅರ್ಧ ಮಾತ್ರ ತಿಳಿಯುತ್ತದೆ, ಆದರೆ ದುರದೃಷ್ಟವಶಾತ್ ಆ ಅರ್ಧದಲ್ಲಿ "ಆಜೀ, ಬ್ಲಾಸ್ಟ್ ಹೋ ಜಾಯೇಗಾ" ಎಂಬ ವಾಕ್ಯ ಸೇರಿರುತ್ತದೆ. "ಅಯ್ಯ ನಮ್ಮವ್ವ, ಏನ್ ಮಾಡ್ಬೇಕಪ್ಪಾ ಈಗ?" ಎಂದು ಆಕೆ ಸೆರಗಿನ ತುದಿಯ ಗಂಟಿಗೆ ಕೈಹಾಕುವಷ್ಟರಲ್ಲಿ ರಸೀದಿ ಪುಸ್ತಕ ತೆರೆದಿರುತ್ತದೆ. ಸಂಜೆ ಬಂದ ಮಗ ಆ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದರೂ ಅದರಲ್ಲಿ ವಿಳಾಸ ಕಾಣುವುದಿಲ್ಲ.

ಇಷ್ಟು ಪ್ರತಾಪಶಾಲಿಯಾದ ಸಾಹೇಬರಿಗೆ ಒಂದೇ ಒಂದು ವಸ್ತು ವರ್ಜ್ಯ, ಅದು ದೂರವಾಣಿ. ಕಡ್ಡಾಯ ತಪಾಸಣೆಗೆ ಬರುವ ನಿಜವಾದ ಮೆಕ್ಯಾನಿಕ್ಕನ್ನು ಕಳುಹಿಸುವವರು ಗ್ರಾಹಕರ ಸ್ವಂತ ಗ್ಯಾಸ್ ಏಜೆನ್ಸಿಯವರೇ ಆಗಿದ್ದು, ಏಜೆನ್ಸಿಯ ನಂಬರು ಗ್ಯಾಸ್ ಪುಸ್ತಕದ ಮೇಲೆಯೂ ಸಿಲಿಂಡರಿನ ಬಿಲ್ಲಿನ ಮೇಲೆಯೂ ಇರುತ್ತದೆ. ಆ ನಂಬರಿಗೆ, ಸಾಹೇಬರು ತಾವಾಗಿ ಕೊಡುವ ನಂಬರಿಗಲ್ಲ, ಕರೆ ಮಾಡುವವರೆಗೆ ಹೊಸಿಲಿನ ಹೊರಗೆ ನಿಲ್ಲುವಂತೆ ಹೇಳಿದರೆ ನಿಜವಾದವರು ನಿಲ್ಲುತ್ತಾರೆ. ಚೆಕಿಂಗ್ ಸಾಹೇಬರಿಗೆ ಮಾತ್ರ ಅದೇ ಕ್ಷಣದಲ್ಲಿ ಪಕ್ಕದ ಬೀದಿಯ ತುರ್ತು ಸೋರಿಕೆಯೊಂದು ನೆನಪಾಗುತ್ತದೆ. ಹಣ ಆಗಲೇ ಯುಪಿಐ ಮೂಲಕ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಬಹುದು. ಇನ್ನು ಅಡುಗೆಮನೆಯಲ್ಲಿ ನಿಜವಾಗಿಯೇ ಗ್ಯಾಸಿನ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಸ್ವಿಚ್ಚುಗಳನ್ನು ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ಆ ಸಂಖ್ಯೆ ಹಗಲೂ ರಾತ್ರಿಯೂ ತೆರೆದಿರುತ್ತದೆ.